ಶೀತಜ್ವರದ ಹೊಸ ರುಮಾಲು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಎತ್ತ ಹರಿಯಬೇಕೆಂದು ಹೊಳೆಗಳಿಗೆ ತಿಳಿದಿರಲಿಲ್ಲ. ಗಾಳಿ ಸಿಕ್ಕಸಿಕ್ಕವರ ಜೊತೆ ಹರಟೆ ಹೊಡೆಯುತ್ತಿತ್ತು.

ಆಗ ಪ್ರತಿಯೊಬ್ಬರ ಮೈಯೊಳಗೂ ಒಬ್ಬ ಕಾವಲುಗಾರನಿದ್ದ. ಈಗಲೂ ಇದ್ದಾನೆ ಅನ್ನಿ. ಒಮ್ಮೆ ನೋಡಿದ ಕೆಮ್ಮು ನೆಗಡಿಗಳನ್ನು ಗುರುತು ಹಿಡಿದು ಹೊರಗಟ್ಟುವುದು ಅವನ ಕೆಲಸ. ಊರಿನ ಶೀತಜ್ವರವನ್ನಂತೂ ಅದರ ಅಂಗಿ, ರುಮಾಲು ನೋಡಿ ದೂರದಿಂದಲೇ ಓಡಿಸುತ್ತಿದ್ದ.

ಕೆರೆಯ ದಂಡೆಯಲ್ಲಿ ನೀಲವ್ವ ಎಂಬ ಅಜ್ಜಿ ಮೊಮ್ಮಗಳು ತುಂಗಿಯ ಜೊತೆ ಇದ್ದಳು. ಒಂದು ಚಳಿಗಾಲ ತುಂಗಿಗೆ ಜ್ವರ ಬಂತು. ಅಂತಿಂಥ ಜ್ವರವಲ್ಲ, ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ನೀಲವ್ವ ಮೆಣಸಿನ ಕಷಾಯ ಕುಡಿಸಿದಳು, ಎದೆಗೆ ಶಾಖ ಕೊಟ್ಟಳು. ಜ್ವರ ಜಗ್ಗಲಿಲ್ಲ. ಮಗು ಎಲ್ಲಿ ಕೈಬಿಟ್ಟು ಹೋಗುತ್ತದೋ ಎಂದು ಅವಳಿಗೆ ಭಯವಾಯಿತು.

ಮೊಮ್ಮಗಳ ಕಿವಿಯ ಹತ್ತಿರ ಬಾಗಿ ಒಳಗಿನ ಕಾವಲುಗಾರನನ್ನೇ ಕೇಳಿದಳು. ಯಾರೋ ಹೊಸಬ, ನೆಂಟನಿರಬೇಕು ಅಂತ ಒಳಗೆ ಬಿಟ್ಟೆ ಎಂದ ಆ ಮಹಾರಾಯ.

ಯಾರೆಂದು ತಿಳಿಯದೆ ಓಡಿಸುವುದು ಹೇಗೆ? ನೀಲವ್ವ ಗಾಳಿಯನ್ನು ಕೇಳಿದಳು. ಹೊತ್ತು ತರುವುದಷ್ಟೇ ನನ್ನ ಕೆಲಸ, ಮುಖ ನೋಡಲಿಲ್ಲ ಎಂದಿತು ಗಾಳಿ. ಬಡಗಣ ದಿಕ್ಕಿನಿಂದ ಬಂದು ಕೆರೆಗಿಳಿದಿದ್ದ ಹೆಬ್ಬಾತನ್ನು ಕೇಳಿದಳು. ಒಂದು ಶೀತಜ್ವರ ನನ್ನ ಹೊಟ್ಟೆಯಲ್ಲೇ ಇರುತ್ತದೆ, ನನಗೇನೂ ಮಾಡುವುದಿಲ್ಲ, ಮೊನ್ನೆ ಹಂದಿಯ ಮನೆಗೆ ಹೋಗಿತ್ತು ಎಂದಿತು ಅದು.

ನೀಲವ್ವ ಹೋಗಿ ಕೇಳಿದಾಗ ಹಂದಿ ನಾಚಿಕೊಂಡಿತು. “ಅವತ್ತ ನಿಮ್ಮೂರ ಜ್ವರಾನೂ ನಮ್ಮನ್ಯಾಗ ಮಲಗಿತ್ತು ಬೇ. ಇಬ್ಬರೂ ಮಾತಾಡಕೋತ ರುಮಾಲು ಅದಲಿ ಬದಲಿ ಮಾಡಿಕೊಂಡ್ರು. ಈಗ ಬಂದಾವನ ಅಂಗಿ ನಿಮ್ಮೂರದ, ರುಮಾಲಷ್ಟ ಹೊಸಾದು.”

ನೀಲವ್ವ ಓಡಿ ಬಂದು ತುಂಗಿಯ ಕಿವಿಯಲ್ಲಿ ಹೇಳಿದಳು: “ರುಮಾಲು ನೋಡಬ್ಯಾಡೋ, ಅಂಗಿ ನೋಡು. ಅವ ನೆಂಟ ಅಲ್ಲ.”

ಕಾವಲುಗಾರ ಕಣ್ಣುಜ್ಜಿಕೊಂಡು ನೋಡಿದ. ಜ್ವರದ ಕೊರಳಪಟ್ಟಿ ಹಿಡಿದು ಹೊರಗೆಳೆದ. ತುಂಗಿ ಬೆವರಿದಳು, ಕಣ್ಣು ಬಿಟ್ಟಳು, ಗಂಜಿ ಕೇಳಿದಳು. ನೀಲವ್ವನಿಗೆ ಎಷ್ಟು ಖುಷಿಯಾಯಿತೆಂದರೆ ಅತ್ತೇಬಿಟ್ಟಳು.

ಜ್ವರ ಮುಖ ಸಣ್ಣದು ಮಾಡಿಕೊಂಡು ಹೊಸ್ತಿಲ ಹತ್ತಿರ ನಿಂತು, ಹೊರಟೆ ಎಂದಿತು. ಬಾಗಿಲಲ್ಲಿ ನಿಂತವರಿಗೆ ಬರೀ ‘ಹೋಗು’ ಅನ್ನಬಾರದಲ್ಲ, ಅಶುಭ. ನೀಲವ್ವನ ಬಾಯಲ್ಲಿ ಆ ಮಾತು ಎಂದೂ ಬಂದದ್ದಿಲ್ಲ. ಕಣ್ಣೊರೆಸಿಕೊಳ್ಳುತ್ತ ರೂಢಿಯಂತೆ ಅಂದಳು, “ಹೋಗಿ ಬಾರಪ್ಪಾ.”

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಜ್ವರ ಅಷ್ಟರಲ್ಲೇ ‘ಆಗಲಿ’ ಎಂದು ತಲೆಯಾಡಿಸಿತ್ತು.

ಹಿರಿಯರ ಮಾತು ಮೀರಬಾರದು ನೋಡು, ಅದಕ್ಕೇ ಹೆಬ್ಬಾತುಗಳು ಕೆರೆಗಿಳಿಯುವ ಚಳಿಗಾಲದಲ್ಲಿ ಶೀತಜ್ವರ ಪ್ರತಿ ಸಲವೂ ಗುರುತು ಸಿಗದಂತೆ ಹೊಸ ರುಮಾಲು ಸುತ್ತಿಕೊಂಡು ಬರುತ್ತದೆ. ಹೋದ ವರ್ಷ ಅದನ್ನು ಓಡಿಸಿದ್ದ ನಿನ್ನೊಳಗಿನ ಕಾವಲುಗಾರ ರುಮಾಲನ್ನಷ್ಟೇ ನೋಡಿ ‘ಯಾರಪ್ಪ ಇವನು’ ಎಂದು ತಬ್ಬಿಬ್ಬಾಗುತ್ತಾನೆ, ನೀನು ಮತ್ತೆ ಸೀನುತ್ತೀಯ.