ಅಧ್ಯಕ್ಷರ ತಾಳ

ಸಂಗೀತ ಸಭೆಯ ಅಧ್ಯಕ್ಷ ಪಶುಪತಯ್ಯನವರು ಮುಂದಿನ ಸಾಲಿನಲ್ಲೇ ಕೂತು, ತೊಡೆ ತಟ್ಟಿ ಜೋರಾಗಿ ತಾಳ ಹಾಕುವವರು. ಆ ತಾಳ ಯಾವ ಶಾಸ್ತ್ರದಲ್ಲೂ ಇಲ್ಲ. ಅವತ್ತು ಮೊದಲ ಕೀರ್ತನೆಯಲ್ಲೇ, ಅದು ಕಿವಿಗೆ ಬಿದ್ದು, ಹಾಡುತ್ತಿದ್ದ ಭಾಗವತರು ಎರಡು ಸಲ ತಾಳ ತಪ್ಪಿದರು.

“ನನ್ನ ಕೈ ನೋಡಿಕೊಂಡು ಹಾಡಿ” ಎಂದು ಅಧ್ಯಕ್ಷರು ಗದರಿದರು. ಮೃದಂಗದವನು ಗಂಟುಮೂಟೆ ಕಟ್ಟಲು ಎದ್ದ.

ವೇದಿಕೆಯ ಮೇಲೆ ಭಾಗವತರ ಹಿಂದೆ ಕೂತಿದ್ದ ತಂಬೂರಿ ಕಿಟ್ಟಪ್ಪ ಅಧ್ಯಕ್ಷರಿಗೆ ಕೈಮುಗಿದ. “ಸ್ವಾಮಿ, ಇಡೀ ಕಚೇರಿ ನಿಂತಿರೋದೇ ತಂಬೂರಿ ಮೇಲೆ. ತಮ್ಮಂಥವರು ಮೀಟಬೇಕು. ಒಂದೇ ನಿಯಮ, ಎರಡು ಕೈನೂ ತೆಗೆಯೋ ಹಾಗಿಲ್ಲ.”

ಅಧ್ಯಕ್ಷರು ಶಾಲು ಸರಿಮಾಡಿಕೊಂಡು ವೇದಿಕೆ ಹತ್ತಿದರು. ಒಂದು ಕೈ ತಂಬೂರಿ ಹಿಡಿಯಿತು, ಇನ್ನೊಂದು ತಂತಿ ಮೀಟಿತು. ತೊಡೆಗೆ ಬಿಡುವು ಸಿಕ್ಕಿತು. ಕಚೇರಿ ನೀರು ಹರಿದಂತೆ ಸಾಗಿತು.

ಮಂಗಳ ಮುಗಿದ ಮೇಲೆ ಅಧ್ಯಕ್ಷರು ಎದೆಯುಬ್ಬಿಸಿದರು. “ನೋಡಿದೆಯಾ, ನಾನು ಮೇಲೆ ಬಂದು ಕೂತಮೇಲೆ ಒಬ್ಬರೂ ತಾಳ ತಪ್ಪಲಿಲ್ಲ.”

“ಅದಕ್ಕೇ ಸ್ವಾಮಿ, ನಾಳಿದ್ದಿನ ಕಚೇರಿಗೂ ತಂಬೂರಿ ತಮ್ಮದೇ” ಎಂದ ಕಿಟ್ಟಪ್ಪ.