ಎದುರುಗಾಳಿಯ ತುದಿ

"ಅಪ್ಪಾರ, ಎಲ್ಲಾ ಕೆಲಸ ಮಾಡಾಂವಗ ಒಂದರಾಗೂ ಹೆಸರು ಬರೂದಿಲ್ಲೇನ್ರಿ?"

ಕೇಳಿದವನು ಮಠದ ಶಿಷ್ಯ ಮುರಿಗೆಯ್ಯ. ದಾಸೋಹದ ಕೊನೆಯ ಪಂಕ್ತಿ ಆಗಷ್ಟೇ ಎದ್ದಿತ್ತು. ಅಡುಗೆಮನೆಯಿಂದ ನೇರವಾಗಿ ಗುರುಗಳ ಬಳಿ ಬಂದಿದ್ದ. ಸಾರಿನ ಸೌಟು ಇನ್ನೂ ಕೈಯಲ್ಲೇ ಇತ್ತು.

ಬೆಳಿಗ್ಗೆ ಅವನು ಪಾಠಶಾಲೆಯಲ್ಲಿ ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದ. ಮಧ್ಯಾಹ್ನ ದಾಸೋಹ ನೋಡಿಕೊಳ್ಳುತ್ತಿದ್ದ. ಸಂಜೆ ಭಜನೆಗೆ ತಬಲಾದವನು ಬರದಿದ್ದರೆ ಅಲ್ಲಿಯೂ ಇವನೇ. ಜೊತೆಗೆ ಓದಿದವನೊಬ್ಬ ವ್ಯಾಕರಣ ಒಂದನ್ನೇ ಹಿಡಿದು ಕೂತು ಪಂಡಿತನಾಗಿದ್ದ. ಹಿಂದಿನ ದಿನ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಸನ್ಮಾನಕ್ಕೆ ಬಂದವರಿಗೆಲ್ಲ ಊಟ ಬಡಿಸಿದವನು ಮುರಿಗೆಯ್ಯ.

"ನಮ್ಮ ಅಡಗಿಮನ್ಯಾಗ ಕೊಪ್ಪರಿಗಿ ಮ್ಯಾಲೂ ಕೊಟ್ಟವರ ಹೆಸರೈತಿ. ನನಗ ಏನೈತ್ರಿ? ಒಂದನ್ನ ಹಿಡದು ಉಳದದ್ದೆಲ್ಲ ಬಿಟ್ಟಬಿಡ್ಲೇನ್ರಿ?"

"ಕುಂದ್ರು," ಎಂದರು ಗುರುಗಳು. "ಒಬ್ಬ ಕ್ರಿಕೆಟ್ ಆಟಗಾರನ ಕತಿ ಹೇಳ್ತೀನಿ."

ಕಾವಿ ಉಟ್ಟವರ ಬಾಯಲ್ಲಿ ಕ್ರಿಕೆಟ್ ಕೇಳಿ ಮುರಿಗೆಯ್ಯ ಕಣ್ಣರಳಿಸಿದ. ಗುರುಗಳಿಗೆ ಅದು ತಿಳಿಯಿತು.

"ಆ ಆಟಗಾರ ನಾನಲ್ಲ ಮತ್ತ. ನಾ ಆಡಿದ್ದು ಲಗೋರಿ. ಅದರಾಗೂ ಬರೇ ಕಲ್ಲು ಒಟ್ಟಾಂವ."

ಅವರು ಹೇಳಿದ ಕತೆ ಹೀಗಿತ್ತು.

ಒಬ್ಬ ಆಟಗಾರನಿದ್ದ. ಬ್ಯಾಟಿಂಗ್ ಬಲ್ಲ, ಬೌಲಿಂಗ್ ಬಲ್ಲ, ಚೆಂಡು ಎಲ್ಲಿ ಹೋದರೂ ಓಡಿ ಹಿಡಿಯಬಲ್ಲ. ಇಂಥವನನ್ನು ಆಲ್‌ರೌಂಡರ್ ಎನ್ನುತ್ತಾರೆ. ಹೊಗಳುವಾಗ ಹಾಗೆನ್ನುತ್ತಾರೆ. ತಂಡದಿಂದ ಯಾರನ್ನಾದರೂ ಕೈಬಿಡಬೇಕಾಗಿ ಬಂದಾಗ, 'ಅವನು ಪೂರ್ತಿ ಬ್ಯಾಟ್ಸ್‌ಮನ್ನೂ ಅಲ್ಲ, ಪೂರ್ತಿ ಬೌಲರೂ ಅಲ್ಲ' ಎನ್ನುತ್ತಾರೆ. ಬಾಯಿ ಅದೇ, ಮಾತು ಬೇರೆ. ಆಟಗಾರ ಎರಡನ್ನೂ ಕೇಳಿಸಿಕೊಂಡ. ಮೀಸೆ ಚಿಗುರುವಾಗ ರಾಜ್ಯದ ತಂಡಕ್ಕೆ ಸೇರಿದವನು, ಕಿವಿಯ ಮೇಲಿನ ಕೂದಲು ಬೆಳ್ಳಗಾಗುವ ತನಕ ಆಡಿದ. ಅದೇ ಅವನ ಅನ್ನ, ಅದೇ ಅವನ ಕಸುಬು.

ಬ್ಯಾಟಿಂಗ್‌ನಲ್ಲಿ ಅವನ ಸರದಿ ಐವರು ಔಟಾದ ಮೇಲೆ. ಮೇಲಿನವರು ಚೆನ್ನಾಗಿ ಆಡಿದ್ದರೆ ಇವನಿಗೆ ಹೊತ್ತೇ ಉಳಿದಿರುತ್ತಿರಲಿಲ್ಲ. 'ಲಗುಬಗೆಯಿಂದ ನಾಲ್ಕು ಹೊಡೆದು ಬಾ' ಎಂದು ಕಳಿಸುತ್ತಿದ್ದರು. ಅವರು ಬೇಗ ಔಟಾಗಿದ್ದರೆ 'ಮನೆಗೆ ಬೆಂಕಿ ಬಿದ್ದಿದೆ, ನೀನು ನಿಂತುಕೋ' ಎನ್ನುತ್ತಿದ್ದರು. ಹೊಡಿ ಎಂದಾಗ ಹೊಡೆದ, ನಿಲ್ಲು ಎಂದಾಗ ನಿಂತ. ಹೇಳುವುದು ಸುಲಭ. ಕೈ ತುರಿಸುವಾಗ ನಿಲ್ಲುವುದು, ಕಣ್ಣು ಚೆಂಡಿಗೆ ಹೊಂದಿಕೊಳ್ಳುವ ಮೊದಲೇ ಹೊಡೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಬೌಲಿಂಗ್‌ನ ಕತೆ ಇನ್ನೂ ಚೆಂದ. ಅವರ ಊರಿನ ಮೈದಾನ ದಿಬ್ಬದ ಮೇಲಿತ್ತು. ಪಡುವಣ ಗಾಳಿ ದಿನವಿಡೀ ಒಂದೇ ದಿಕ್ಕಿಗೆ ಬೀಸುತ್ತಿತ್ತು. ಪಿಚ್‌ಗೆ ಎರಡು ತುದಿ. ಒಂದು ತುದಿಯಿಂದ ಓಡಿ ಬಂದರೆ ಗಾಳಿ ಬೆನ್ನು ತಳ್ಳುತ್ತದೆ. ಇನ್ನೊಂದರಿಂದ ಓಡಿ ಬಂದರೆ ಎದೆಗೆ ಅಡ್ಡ ನಿಲ್ಲುತ್ತದೆ. ಬೆನ್ನುಗಾಳಿಯ ತುದಿ ತಂಡದ ವೇಗಿಗೆ ಮೀಸಲು. ಎದುರುಗಾಳಿಯ ತುದಿ ನನಗೆ ಬೇಕು ಎಂದು ಯಾವ ಬೌಲರೂ ಬಾಯಿ ಬಿಟ್ಟು ಕೇಳುವುದಿಲ್ಲ. ಎಷ್ಟೋ ನಾಯಕರು ಬಂದರು, ಹೋದರು. ಪ್ರತಿಯೊಬ್ಬನೂ ಆ ತುದಿಯನ್ನು ಇವನಿಗೇ ಕೊಟ್ಟ. ಮನೆಗೆ ನೆಂಟರು ಬಂದಾಗ ಬಾಗಿಲ ಬಳಿ ಮಲಗುವವನು ಯಾರೆಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಇವನ ಓವರ್‌ಗಳಲ್ಲಿ ರನ್ ಹುಟ್ಟುತ್ತಿರಲಿಲ್ಲ. ಕಾದು ಬೇಸತ್ತ ಬ್ಯಾಟ್ಸ್‌ಮನ್ ಆ ಕಡೆಯ ವೇಗಿಗೆ ಬ್ಯಾಟ್ ಬೀಸಲು ಹೋಗಿ ಔಟಾಗುತ್ತಿದ್ದ. ವಿಕೆಟ್ ವೇಗಿಯ ಲೆಕ್ಕಕ್ಕೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುತ್ತಾರಲ್ಲ, ಅದೇ. ವೇಗಿ ಪಾಪ ಹಾವಲ್ಲ, ಒಳ್ಳೆಯವನೇ. ಗಾದೆ ಮಾತ್ರ ಹಾಗಿದೆ.

ಪೆವಿಲಿಯನ್ ಗೋಡೆಗೆ ಒಂದು ಮರದ ಹಲಗೆ ಹಾಕಿದ್ದರು. ಆ ಮೈದಾನದಲ್ಲಿ ಶತಕ ಹೊಡೆದವರ ಹೆಸರು, ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದವರ ಹೆಸರು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಿದ್ದರು. ಆಟಗಾರನಿಗೆ ಆ ಹಲಗೆಯ ಮೇಲೆ ತನ್ನ ಹೆಸರು ಬೇಕಿತ್ತು. ತುಂಬ ಬೇಕಿತ್ತು. ಪ್ರತಿದಿನ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಅದನ್ನು ನೋಡುತ್ತಿದ್ದ. ತಪ್ಪೇನಿಲ್ಲ. ಮಠದಲ್ಲಿರುವವರಿಗೇ ಹೆಸರು ಬೇಕಾಗಿರುವಾಗ ಸಂಸಾರಸ್ಥನಿಗೆ ಬೇಕಾಗಬಾರದೇ?

ಇದನ್ನು ಕೇಳಿ ಮುರಿಗೆಯ್ಯ ತಲೆ ತಗ್ಗಿಸಿದ. ಗುರುಗಳು ನೋಡದವರಂತೆ ಕತೆ ಮುಂದುವರಿಸಿದರು.

ಒಮ್ಮೆ ಶತಕಕ್ಕೆ ನಾಲ್ಕೇ ರನ್ ಉಳಿದಿತ್ತು. ಅಷ್ಟರಲ್ಲಿ ನಾಯಕ ಪೆವಿಲಿಯನ್ನಿನಿಂದ ಕೈ ಬೀಸಿ ಇನಿಂಗ್ಸ್ ಡಿಕ್ಲೇರ್ ಮಾಡಿದ. ನಮ್ಮದು ಸಾಕು, ಎದುರಾಳಿಗಳು ಆಡಲಿ ಎಂದು. ಹೊತ್ತು ಮುಳುಗುವುದರೊಳಗೆ ಅವರ ಇಬ್ಬರನ್ನಾದರೂ ಔಟ್ ಮಾಡಬೇಕಿತ್ತು. ಶತಕ ಕಿತ್ತುಕೊಂಡವನೇ ಸ್ವಲ್ಪ ಹೊತ್ತಿಗೆ ಚೆಂಡನ್ನೂ ತಂದು ಇವನ ಕೈಗಿಟ್ಟ. ತುದಿ ಯಾವುದೆಂದು ಹೇಳಬೇಕಾಗಿಲ್ಲ. ಆಟಗಾರನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಚೆಂಡು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಇಬ್ಬರು ಔಟಾದರು.

ಮನೆಗೆ ಹೋಗಿ ತಾಯಿಯ ಮುಂದೆ ಹೇಳಿಕೊಂಡ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಕೇಳಿದಳು.

"ಹೆಸರ ಬೇಕಂದ್ರ ಹೇಳಪಾ. ನಾಳೆ ಭಾಂಡೆ ಅಂಗಡಿಗೆ ಹೋಗಿ ಕೊಡದ ಮ್ಯಾಲ ಹಾಕಿಸ್ಕೊಂಡ ಬರ್ತೀನಿ."

ಅವನಿಗೆ ನಗು ಬಂತು. ಆಸೆ ಮಾತ್ರ ಹೋಗಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಕೊನೆಯ ಪಂದ್ಯ ಬಂತು. ಇದಾದ ಮೇಲೆ ಆಡುವುದಿಲ್ಲ ಎಂದು ಅವನೇ ಹೇಳಿಬಿಟ್ಟಿದ್ದ. ಮೊಣಕಾಲು ಅದನ್ನು ಅವನಿಗಿಂತ ಮೊದಲೇ ಹೇಳಿತ್ತು. ಪಂದ್ಯ ಅದೇ ಮೈದಾನದಲ್ಲಿ. ಬ್ಯಾಟಿಂಗ್‌ನಲ್ಲಿ ತಂಡ ಕುಸಿದಾಗ ನಿಂತು, ಒಂದಷ್ಟು ರನ್ ಕೂಡಿಸಿಕೊಟ್ಟ. ಶತಕವಲ್ಲ. ಆದರೆ ತಂಡದ ಮಾನ ಉಳಿಯಿತು.

ಕೊನೆಯ ದಿನ ಎದುರಾಳಿಗಳ ಒಂಬತ್ತು ವಿಕೆಟ್ ಬಿದ್ದಿತ್ತು. ಒಬ್ಬ ರನ್ ಔಟ್. ನಾಲ್ಕು ವಿಕೆಟ್ ವೇಗಿಯದು, ನಾಲ್ಕು ಇವನದು. ಉಳಿದಿದ್ದು ಒಂದೇ. ಅದನ್ನು ಯಾರು ಪಡೆದರೂ ಅವರ ಹೆಸರು ಹಲಗೆಯ ಮೇಲೆ. ವೇಗಿ ಎಳೆಯ, ಅವನ ಮುಂದೆ ಇನ್ನೂ ಎಷ್ಟೋ ಪಂದ್ಯಗಳಿದ್ದವು. ಇವನಿಗೆ ಇದೇ ಕೊನೆ. ಎದುರಾಳಿಗಳು ಗೆಲ್ಲಲು ಇಪ್ಪತ್ತು ರನ್ ಸಾಕಿತ್ತು.

ನಾಯಕ ಇವನ ಕೈಕೆಳಗೆ ಆಡಿ ಬೆಳೆದವನು. ಹತ್ತಿರ ಬಂದ.

"ಕಾಕಾ, ಇವತ್ತೊಂದಿನ ಆ ಕಡಿಂದ ಹಾಕ್ರಿ. ಗಾಳಿ ನಿಮ್ಮ ಬೆನ್ನಿಗಿರಲಿ."

ವೇಗಿಯೂ ಬೇಡವೆನ್ನಲಿಲ್ಲ. ತಾನೇ ಚೆಂಡನ್ನು ಒರೆಸಿ ಕೈಗೆ ಕೊಟ್ಟ. ಹುಡುಗರ ಮನಸ್ಸು ದೊಡ್ಡದು. ಆಟಗಾರನ ಕಣ್ಣು ತುಂಬಿ ಬಂತು. ಮೊದಲ ಸಲ ಆ ತುದಿಯಿಂದ ಓಡಿ ಬಂದ. ಕಾಲು ತಾನಾಗಿ ಓಡಿತು. ಇಷ್ಟು ಸುಲಭವೇ ಎನಿಸಿತು.

ಅಲ್ಲೇ ಎಡವಟ್ಟಾಯಿತು. ಜೀವಮಾನವೆಲ್ಲ ಗಾಳಿಗೆ ಎದುರಾಗಿ ಹಾಕಿದ ಕೈ ಅದು. ಚೆಂಡು ಗಾಳಿಗೆ ತಡೆದು, ತುಸು ನಿಂತು, ಬಾಗಿ ಬೀಳಬೇಕು. ಇವನ ವಿದ್ಯೆಯೆಲ್ಲ ಆ ಬಾಗಿನಲ್ಲಿತ್ತು. ಇಲ್ಲಿ ತಡೆಯಲು ಗಾಳಿಯಿಲ್ಲ. ಚೆಂಡು ನೆಟ್ಟಗೆ ಹೋಗಿ ಬ್ಯಾಟಿಗೆ ಶರಣಾಯಿತು. ಒಂದೇ ಓವರ್‌ನಲ್ಲಿ ಹದಿನಾಲ್ಕು ರನ್ ಹೋಯಿತು. ಇನ್ನು ಆರು ಉಳಿಯಿತು. ಒಂದು ಹೊಡೆತದ ಮಾತು.

ಆಟಗಾರ ನಾಯಕನ ಬಳಿ ಹೋದ.

"ನನ್ನ ಗಾಳಿ ನನಗ ಕೊಡಪಾ. ಇದು ಆ ಹುಡುಗಂದು."

ನಡುವಿನ ಎರಡು ಓವರ್‌ಗಳಲ್ಲಿ ಒಂದನ್ನು ಇನ್ನೊಬ್ಬ, ಮತ್ತೊಂದನ್ನು ತನ್ನ ತುದಿಗೆ ಮರಳಿದ ವೇಗಿ, ಹೇಗೋ ರನ್ ಕೊಡದೆ ಮುಗಿಸಿದರು. ಆಮೇಲೆ ಆಟಗಾರ ತನ್ನ ತುದಿಗೆ ಬಂದ. ಗಾಳಿ ಎದೆಗೆ ಬಡಿಯಿತು. ಹಳೆಯ ಗೆಳೆಯನ ಮನೆಗೆ ಬಂದಂತಾಯಿತು. ಆರು ಎಸೆತ ಹಾಕಿದ. ಆರಕ್ಕೂ ಬ್ಯಾಟ್ಸ್‌ಮನ್‌ಗೆ ದಾರಿ ಕಾಣಲಿಲ್ಲ. ವಿಕೆಟ್ ಮಾತ್ರ ಬೀಳಲಿಲ್ಲ.

ಈಗ ವೇಗಿಯ ಓವರ್. ಆಟಗಾರ ವೇಗಿಯ ಬೆನ್ನ ಹಿಂದೆ, ದೂರದ ಗೆರೆಯ ಬಳಿ ಹೋಗಿ ನಿಂತ. ಆ ಆರು ಎಸೆತಗಳನ್ನು ಇನ್ನೊಂದು ತುದಿಯಲ್ಲಿ ನಿಂತು ನೋಡಿದ್ದ ಜೊತೆಯ ಬ್ಯಾಟ್ಸ್‌ಮನ್ ತಾಳ್ಮೆಗೆಟ್ಟಿದ್ದ. ಬ್ಯಾಟ್ ಬೀಸಿದ. ಚೆಂಡು ವೇಗಿಯ ತಲೆಯ ಮೇಲೆ ಹಾರಿ ಮುಗಿಲಿಗೇರಿತು. ಸಿಕ್ಸರ್ ಎಂದು ಎಲ್ಲರೂ ಅಂದುಕೊಂಡರು. ನಾಯಕ ತಲೆಯ ಮೇಲೆ ಕೈ ಇಟ್ಟುಕೊಂಡ.

ಚೆಂಡು ಗಾಳಿಗೆ ಎದುರಾಗಿ ಹೋಗುತ್ತಿತ್ತು. ಎದುರುಗಾಳಿಯಲ್ಲಿ ಚೆಂಡು ಎಲ್ಲಿ ಸೋಲುತ್ತದೆ ಎಂದು ಆ ಮೈದಾನದಲ್ಲಿ ಗೊತ್ತಿದ್ದವನು ಒಬ್ಬನೇ. ಅವನಿಗೆ ಗೊತ್ತಾಯಿತು, ಇದು ಗೆರೆ ದಾಟುವುದಿಲ್ಲ, ಹಿಂದಕ್ಕೆ ಬರುತ್ತದೆ. ಇನ್ನೊಂದೂ ಗೊತ್ತಾಯಿತು. ನಾನು ನಿಂತಲ್ಲೇ ನಿಂತರೆ ಚೆಂಡು ನನ್ನ ಮುಂದೆ ನೆಲಕ್ಕೆ ಬೀಳುತ್ತದೆ. ಯಾರೂ ಬೈಯುವುದಿಲ್ಲ. ಮುದುಕನ ಮೊಣಕಾಲು ಎನ್ನುತ್ತಾರೆ. ಮುಂದಿನ ಓವರ್ ನನ್ನದು, ಆ ವಿಕೆಟ್ ನನಗೇ ಸಿಗಬಹುದು.

ಈ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಪೂರ್ತಿಯಾಗಿಯೇ ಬಂತು. ಆದರೆ ಯೋಚನೆ ಮುಗಿಯುವಷ್ಟರಲ್ಲಿ ಅವನು ಮುಂದಕ್ಕೆ ಓಡಿ ಆಗಿತ್ತು. ಕಾಲಿಗೆ ಬೇರೆ ಏನೂ ಕಲಿಸಿರಲಿಲ್ಲ. ನೆಲಕ್ಕೆ ಗೇಣುದ್ದ ಇರುವಾಗ, ಬಿದ್ದು, ಎರಡೂ ಅಂಗೈಯಲ್ಲಿ ಚೆಂಡನ್ನು ಹಿಡಿದ.

ತಂಡ ಗೆದ್ದಿತು. ಐದನೆಯ ವಿಕೆಟ್ ವೇಗಿಯದಾಯಿತು. ಎಲ್ಲರೂ ಓಡಿ ಬಂದು ವೇಗಿಯನ್ನು ಹೆಗಲ ಮೇಲೆ ಎತ್ತಿಕೊಂಡರು. ಇವನು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಅವನಿಗೆ ದುಃಖವಾಗಲಿಲ್ಲವೇ ಎಂದರೆ, ಆಯಿತು. ಸಂತೋಷವೂ ಆಯಿತು. ಯಾವುದು ಹೆಚ್ಚು ಎಂದು ಅವನು ಅಳೆಯಲು ಹೋಗಲಿಲ್ಲ. ಎಂಥ ಗಂಡಸು ನೋಡು!

ಮರುದಿನ ತನ್ನ ಚೀಲ ಒಯ್ಯಲು ಪೆವಿಲಿಯನ್ನಿಗೆ ಬಂದ. ಬಣ್ಣದವನು ಏಣಿ ಹತ್ತಿ ಹಲಗೆಯ ಮೇಲೆ ವೇಗಿಯ ಹೆಸರು ಬರೆಯುತ್ತಿದ್ದ. ಏಣಿ ಅಲ್ಲಾಡುತ್ತಿತ್ತು. ಯಾರಾದರೂ ಹಿಡಿಯಬೇಕಲ್ಲ. ಆಟಗಾರ ಚೀಲ ಕೆಳಗಿಟ್ಟು, ಕೊನೆಯ ಅಕ್ಷರ ಮುಗಿಯುವ ತನಕ ಏಣಿ ಹಿಡಿದು ನಿಂತ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನ ಕೈಯಲ್ಲಿದ್ದ ಸೌಟಿನ ಮೇಲಿನ ಸಾರು ಒಣಗಿ ಹೋಗಿತ್ತು.

"ಅಂಥಾವರ ಹೆಸರರ ಏನ್ರಿ ಅಪ್ಪಾರ?" ಎಂದು ಕೇಳಿದ.

ಗುರುಗಳು ಅವನ ಕೈಯತ್ತ ನೋಡಿದರು.

"ಕೊಪ್ಪರಿಗಿ ಮ್ಯಾಲೆಲ್ಲಾ ಹೆಸರದಾವ ಅಂದ್ಯಲ್ಲ ಮುರಿಗೆಯ್ಯ, ಎಲ್ಲಾ ಕೊಪ್ಪರಿಗ್ಯಾಗೂ ಇಳಿಯೋ ಆ ಸೌಟಿನ ಮ್ಯಾಲ ಯಾರ ಹೆಸರು ಹಾಕಿಸ್ಯಾರ, ನೋಡಿ ಹೇಳು."