ಘಾಟು ತಿಳಿಯದ ಮೂಗು

"ಗುರುಗಳೇ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ ನಿನ್ನೆ ಸಮಾಧಾನ ಹೇಳಿದೆ. ದೇಹ ಉಳಿಯುವಂಥದ್ದಲ್ಲ, ಅಳಬೇಡ ಎಂದೆ. ಅವಳು ಅರ್ಧಕ್ಕೇ ಎದ್ದು ಹೋದಳು. ನಿಜವಾದ ಮಾತು ಅವಳಿಗೆ ಯಾಕೆ ಹಿತವಾಗಲಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಲ್ಲಿ ಎಣ್ಣೆ ಬಟ್ಟಿ ಇಳಿಸುವವನೊಬ್ಬನಿದ್ದ. ನಿಂಬೆಯ ಪರಿಮಳದ ಮಜ್ಜಿಗೆಹುಲ್ಲನ್ನು ಹಂಡೆಯಲ್ಲಿ ಬೇಯಿಸಿ ಹಬೆಯಿಂದ ಎಣ್ಣೆ ತೆಗೆಯುತ್ತಿದ್ದ. ಮೈಕೈ ನೋವಿಗೆ ಅದು ಒಳ್ಳೆಯದು. ಅದರ ವಾಸನೆಗೇ ಮನಸ್ಸು ಹಗುರಾಗುತ್ತದೆ. ನಾಲ್ಕೇ ಹನಿಯನ್ನು ಒಂದು ಬಟ್ಟಲು ಎಳ್ಳೆಣ್ಣೆಗೆ ಬೆರೆಸಿ ಹಚ್ಚಬೇಕು. ಅದು ಅವನಪ್ಪ ನಡೆಸಿಕೊಂಡು ಬಂದ ಕ್ರಮ. ಆದರೆ ಇಪ್ಪತ್ತು ವರ್ಷ ಹಂಡೆಯ ಮುಂದೆಯೇ ಕೂತು ಈ ಮಹಾರಾಯನ ಮೂಗು ಜಡ್ಡುಗಟ್ಟಿತ್ತು. ಬೆರೆಸಿದ ಎಣ್ಣೆಯನ್ನು ಮೂಸಿದರೆ ಘಾಟೇ ತಿಳಿಯುತ್ತಿರಲಿಲ್ಲ. ಇದರಲ್ಲಿ ಸತ್ವವೇ ಇಲ್ಲ, ಜನರಿಗೆ ಮೋಸ ಮಾಡಿದಂತಾಗುತ್ತದೆ ಎಂದುಕೊಂಡು ಬೆರೆಸುವುದನ್ನೇ ಬಿಟ್ಟ.

ಹೆಗಲು ನೋವೆಂದು ನೇಯ್ಗೆಯ ಹೆಂಗಸೊಬ್ಬಳು ಬಂದಳು. ಕೈ ಎತ್ತಲಾಗದೆ ಅವಳ ಮಗ್ಗ ನಿಂತಿತ್ತು. ಮಗ್ಗ ನಿಂತರೆ ಒಲೆಯೂ ನಿಂತಂತೆ. ಅವನು ಅಪ್ಪಟ ಎಣ್ಣೆಯನ್ನೇ ಕೊಟ್ಟ.

"ದಿನಕ್ಕೆ ಎರಡು ಸಲ ತಿಕ್ಕಮ್ಮ. ಉರಿದರೆ ಹೆದರಬೇಡ, ನೋವು ಬಿಟ್ಟುಹೋಗುತ್ತಿದೆ ಎಂದು ತಿಳಿ," ಎಂದ.

ವಾರ ಕಳೆದರೂ ಅವಳ ಸುದ್ದಿಯಿಲ್ಲ. ವಾಸಿಯಾಗಿರಬೇಕು, ಎರಡು ಒಳ್ಳೆಯ ಮಾತು ಕೇಳಿ ಬರೋಣ ಎಂದು ತಾನೇ ಅವಳ ಮನೆಗೆ ಹೋದ. ಮಗ್ಗದ ಮೇಲೆ ಧೂಳು ಕೂತಿತ್ತು. ಅವಳು ಹೆಗಲಿಗೆ ಒದ್ದೆ ಬಟ್ಟೆ ಹಾಕಿಕೊಂಡಿದ್ದಳು. ಚರ್ಮ ಬೊಬ್ಬೆಯೆದ್ದು ಸುಲಿದಿತ್ತು.

"ಬಿಡದೆ ತಿಕ್ಕಿದೆ ಅಣ್ಣ. ನನಗೇ ತಾಳ್ಮೆ ಸಾಲದು," ಎಂದಳು. ಆಮೇಲೆ, ಅವನ ಮನಸ್ಸಿಗೆ ನೋವಾದೀತೆಂದು ಮೆಲ್ಲಗೆ ಕೇಳಿದಳು: "ನೀವು ಹಚ್ಚಿಕೊಂಡಾಗ ಉರಿ ಎಷ್ಟು ದಿನಕ್ಕೆ ಇಳಿಯಿತು?"

ಅವನು ಒಮ್ಮೆಯೂ ಹಚ್ಚಿಕೊಂಡಿರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವಳು ಬೈಯಲೂ ಇಲ್ಲ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಅದೇ ಎಣ್ಣೆಯನ್ನು ತನ್ನ ಹೆಗಲಿಗೆ ತಿಕ್ಕಿಕೊಂಡ. ಅನ್ನ ಬೇಯುವಷ್ಟು ಹೊತ್ತೂ ತಡೆಯಲಾಗಲಿಲ್ಲ. ಅವನ ಮಾತು ನಂಬಿ ಅವಳು ಏಳು ದಿನ ತಡೆದಿದ್ದಳು. ಅವನಿಗೆ ತನ್ನ ಮುಖ ತನಗೇ ಬೇಡವಾಯಿತು.

"ಹಾಗಾದರೆ ಎಣ್ಣೆಯೇ ಕೆಟ್ಟದ್ದಾಗಿತ್ತೇ?" ಎಂದ ಶಿಷ್ಯ.

"ಇಲ್ಲ, ಅಪ್ಪಟವಾಗಿತ್ತು," ಎಂದರು ಗುರುಗಳು. "ಆ ತಾಯಿಗೆ ಹೇಳಿದ ಮಾತನ್ನು ನೀನು ಮೊದಲು ನಿನ್ನ ಯಾವ ದುಃಖಕ್ಕೆ ಹಚ್ಚಿ ನೋಡಿದ್ದೆ?"